ಒಂದೇ ಬಾಡಿಗೆಗೆ ಎರಡು ಜೀಪು

ಬಲ್ಲವಳು ಎನಿಸಿಕೊಳ್ಳುವುದರಲ್ಲಿ ಒಂದು ಅಪಾಯವಿದೆ: ನಾವು ಹೇಳಿದ್ದನ್ನು ಜನ ನಂಬಿಬಿಡುತ್ತಾರೆ. ಮೂಡಿಗೆರೆಯಲ್ಲಿ ಮನೆಯ ಮಹಡಿ ಕೋಣೆಯಲ್ಲಿ ಕುಳಿತು ಪ್ರೋಗ್ರಾಂ ಬರೆಯುವವಳು ನಾನು. ಆದರೆ ಊರಿನವರ ಪಾಲಿಗೆ 'ಕಂಪ್ಯೂಟರ್ ಮೇಡಂ' ಎಂದರೆ ಕರೆಂಟಿನಿಂದ ನಡೆಯುವ ಸಕಲ ವಸ್ತುಗಳ ಡಾಕ್ಟರು. ಪಕ್ಕದ ಮನೆಯವರು ಮಿಕ್ಸಿ ತಂದಿದ್ದಾರೆ. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರೊಬ್ಬರು ಕಾಫಿ ಹಣ್ಣು ತೂಗುವ ಯಂತ್ರವನ್ನೇ ಹೊತ್ತು ತಂದಿದ್ದರು. ಅದನ್ನೊಮ್ಮೆ ಆಫ್ ಮಾಡಿ ಆನ್ ಮಾಡಿದೆ, ಸರಿಹೋಯಿತು. ಇಂಥ ಪವಾಡಗಳಿಂದ ಬೆಳೆದ ನನ್ನ ಕೀರ್ತಿ ಕೊನೆಗೊಂದು ದಿನ ಒಬ್ಬ ಒಳ್ಳೆಯ ಮನುಷ್ಯನ ತಲೆಯ ಮೇಲೆ ಬಿತ್ತು. ಹೇಳಲು ಹೊರಟರೆ ಈಗಲೂ ಮುಖ ಬಿಸಿಯಾಗುತ್ತದೆ.

ಕೊಟ್ಟಿಗೆಹಾರದ ಸುತ್ತ ಬೆಟ್ಟ ನೋಡಲು ಬರುವವರನ್ನು ಮೇಲಕ್ಕೆ ಒಯ್ಯುವ ಜೀಪಿನವರದ್ದೊಂದು ಸಂಘವಿದೆ. ಅವರಿಗೆ ನಾನೊಂದು ಆ್ಯಪ್ ಮಾಡಿಕೊಟ್ಟಿದ್ದೆ. ಬಾಡಿಗೆ ಬಂದಾಗ ಎಲ್ಲರ ಫೋನೂ ಒಟ್ಟಿಗೆ ಸದ್ದು ಮಾಡುತ್ತದೆ. ಮೊದಲು ಗುಂಡಿ ಒತ್ತಿದವರ ಹೆಸರು ನನ್ನ ಕಂಪ್ಯೂಟರಿನ ಪಟ್ಟಿಗೆ ಸೇರುತ್ತದೆ, ಅವರಿಗೆ 'ಬಾಡಿಗೆ ನಿಮ್ಮದು' ಎಂಬ ಮೆಸೇಜು ಹೋಗುತ್ತದೆ. ಕೆಲವು ತಿಂಗಳು ಚೆನ್ನಾಗಿಯೇ ನಡೆಯಿತು. ಆಮೇಲೊಂದು ಭಾನುವಾರ ಒಂದೇ ಹೋಮ್‌ಸ್ಟೇ ಬಾಗಿಲಿಗೆ ಎರಡು ಜೀಪು ಬಂದು ನಿಂತವು: ಒಂದು ಸುಕೇಶನದು, ಇನ್ನೊಂದು ಜಾವಳಿಯ ಯೂಸುಫಣ್ಣನದು. ಮುಂದಿನ ವಾರ ಮತ್ತೆ ಅದೇ ಇಬ್ಬರು, ಬೇರೆ ಹೋಮ್‌ಸ್ಟೇ, ಪ್ರವಾಸಿಗರ ಎದುರಿಗೇ ಜಗಳ. ಎರಡು ಸಲವೂ ನನ್ನ ಪಟ್ಟಿಯಲ್ಲಿದ್ದದ್ದು ಸುಕೇಶನ ಹೆಸರು.

ಸಂಘದ ಅಧ್ಯಕ್ಷ ಸುಂದರಣ್ಣ ಮೀಟಿಂಗ್ ಕರೆದರು. "ಎಂತದು ಮಾರಾಯ್ರೆ ಇದು? ಇಬ್ರಿಗೂ ಮೆಸೇಜ್ ಬಂದದ್ದು ಹೆಂಗೆ?" ಎಂದು ನನ್ನ ಕಡೆ ತಿರುಗಿದರು. ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದು ಒಂದೇ ಮಾತು. ಅದು ಬಾಯಿಗೆ ಬರಲಿಲ್ಲ. "ಪಟ್ಟಿಯಲ್ಲಿ ಒಂದೇ ಹೆಸರಿದೆ. ಯೂಸುಫಣ್ಣ ಹಳೇ ಮೆಸೇಜ್ ತೋರಿಸ್ತಿರಬಹುದು" ಎಂದೆ.

"ಹಳೇದಲ್ಲ ಮೇಡಂ, ಟೈಮ್ ನೋಡಿ" ಎಂದು ಯೂಸುಫಣ್ಣ ಫೋನನ್ನು ನನ್ನ ಮುಂದೆ ಹಿಡಿದರು. ನಾನು ಫೋನಿನತ್ತ ನೋಡಿದೆ, ಓದಲಿಲ್ಲ. "ಫೋನಲ್ಲಿ ಟೈಮನ್ನೂ ಬದಲಾಯಿಸಬಹುದು" ಎಂದೆ. ಅದು ನಿಜವೇ, ಬದಲಾಯಿಸಬಹುದು. ಆದರೆ ಮೂವತ್ತು ವರ್ಷ ಘಾಟಿಯಲ್ಲಿ ಗಾಡಿ ಓಡಿಸಿದವರು, ಫೋನಿನ ಅಕ್ಷರ ದೊಡ್ಡದು ಮಾಡಿಸಿಕೊಳ್ಳಲಿಕ್ಕೂ ನನ್ನ ಹತ್ತಿರವೇ ಬಂದಿದ್ದವರು, ಅಂಥದ್ದು ಮಾಡುತ್ತಾರೆಯೇ ಎಂದು ನಾನು ಯೋಚಿಸಲಿಲ್ಲ. ಯೂಸುಫಣ್ಣನಿಗೆ ಹದಿನೈದು ದಿನ ಬಾಡಿಗೆ ಇಲ್ಲ ಎಂದು ತೀರ್ಮಾನವಾಯಿತು. ಅವರು ಎದ್ದು ಹೋದರು. ನನಗೆ ಚಹಾ ಬಂತು.

ಮನೆಗೆ ಬಂದವಳು, ಇನ್ನು ಯಾರೂ ತಕರಾರು ಎತ್ತಬಾರದೆಂದು ಪ್ರೋಗ್ರಾಮಿನ ಹೆಜ್ಜೆಹೆಜ್ಜೆಗೂ ಒಂದೊಂದು ಸಾಲು ಸೇರಿಸಿದೆ. ಯಾರ ಗುಂಡಿ ಎಷ್ಟು ಹೊತ್ತಿಗೆ ಬಂತು, ಪ್ರೋಗ್ರಾಂ ಎಷ್ಟು ಹೊತ್ತಿಗೆ ಪಟ್ಟಿ ನೋಡಿತು, ಎಷ್ಟು ಹೊತ್ತಿಗೆ ಹೆಸರು ಬರೆಯಿತು, ಎಲ್ಲವೂ ಸೆಕೆಂಡಿನ ಸಾವಿರದ ಪಾಲಿನ ಲೆಕ್ಕದಲ್ಲಿ ಒಂದು ಕಡೆ ದಾಖಲಾಗಬೇಕು. ಅಂದಿನಿಂದ ಒಂದು ಸಲವೂ ಎರಡು ಜೀಪು ಹೋಗಲಿಲ್ಲ! ದಾರಿಯಲ್ಲಿ ಸಿಕ್ಕ ಸುಂದರಣ್ಣನಿಗೆ, "ನೋಡಿದ್ರಾ? ಅವರು ಇಲ್ಲ, ತೊಂದರೆಯೂ ಇಲ್ಲ" ಎಂದೆ. ಆ ಮಾತು ಹೇಳುವಾಗ ನಾನು ನಕ್ಕಿದ್ದೆ ಎಂಬುದೂ ನೆನಪಿದೆ.

ಹನ್ನೆರಡನೆಯ ದಿನ ಆ ಸಾಲುಗಳು ಬರೆದಿಟ್ಟ ದಾಖಲೆ ಬೆಳೆದು ಬೆಳೆದು ಕಂಪ್ಯೂಟರಿನ ಜಾಗವೆಲ್ಲ ತುಂಬಿಕೊಂಡಿತು. ಇನ್ನೇಕೆ ಎಂದು ಆ ಸಾಲುಗಳನ್ನೇ ತೆಗೆದುಹಾಕಿದೆ. ಮಾರನೆಯ ಬೆಳಿಗ್ಗೆ ಒಂದೇ ಹೋಮ್‌ಸ್ಟೇಗೆ ಎರಡು ಜೀಪು ಹೋದವು. ಒಂದು ಸುಕೇಶನದು, ಇನ್ನೊಂದು ಸ್ವತಃ ಅಧ್ಯಕ್ಷರದು. "ಮೇಡಂ, ಈಗ ನಾನೂ ಟೈಮ್ ಬದಲಾಯಿಸಿದ್ನಾ?" ಎಂದು ಸುಂದರಣ್ಣ ಫೋನಿನಲ್ಲಿ ಕೇಳಿದರು. "ನೋಡಿ ಹೇಳ್ತೀನಿ" ಎಂದು ಇಟ್ಟುಬಿಟ್ಟೆ.

ಗಾಬರಿಯಿಂದ ಸಾಲುಗಳನ್ನು ಮತ್ತೆ ಸೇರಿಸಿದೆ. ಎರಡು ಫೋನನ್ನು ಎರಡು ಕೈಯಲ್ಲಿ ಹಿಡಿದು ಎರಡು ಹೆಬ್ಬೆರಳಿನಿಂದ ಒಟ್ಟಿಗೆ ಒತ್ತಿ ನೋಡಿದೆ. ಎಷ್ಟು ಒತ್ತಿದರೂ ತಪ್ಪು ಬರಲಿಲ್ಲ. ಸಾಲು ತೆಗೆದೆ, ಐದಾರು ಸಲದಲ್ಲೇ ಬಂತು. ಸೇರಿಸಿದೆ, ಮಾಯ. ಆಗ ಹೊಳೆಯಿತು: ಸಮಯ ದಾಖಲಾಗಲು ನಾನು ಇಟ್ಟ ಕಡತ, ಒಂದು ಪುಸ್ತಕ ಎನ್ನಿ, ಇದ್ದದ್ದು ಒಂದೇ. ಒಬ್ಬರದು ಬರೆದು ಮುಗಿಯುವ ತನಕ ಇನ್ನೊಬ್ಬರದು ಕಾಯಬೇಕು. ಒಟ್ಟಿಗೆ ನುಗ್ಗುತ್ತಿದ್ದವರು ಆ ಪುಸ್ತಕದ ದೆಸೆಯಿಂದ ತಾವಾಗಿಯೇ ಸಾಲಿನಲ್ಲಿ ನಿಲ್ಲುತ್ತಿದ್ದರು. ಕಳ್ಳನನ್ನು ಹಿಡಿಯಲು ಇಟ್ಟ ಕಾವಲುಗಾರ ಬಾಗಿಲಿಗೇ ಅಡ್ಡ ನಿಂತಿದ್ದ. ಒಂದು ಪುಸ್ತಕದ ಬದಲು ಇಬ್ಬರಿಗೂ ಬೇರೆ ಬೇರೆ ಚೀಟಿ ಕೊಟ್ಟು, ಕೆಲಸವೆಲ್ಲ ಮುಗಿದ ಮೇಲೆ ಚೀಟಿಗಳನ್ನು ಸಮಯದ ಪ್ರಕಾರ ಜೋಡಿಸಿದೆ. ಆ ಭಾನುವಾರ ಆದದ್ದೇನೆಂದು ಕಂಡಿತು. ಯೂಸುಫಣ್ಣನ ಗುಂಡಿ ಪಟ್ಟಿ ನೋಡುತ್ತದೆ, ಖಾಲಿ. ಅದು ಹೆಸರು ಬರೆಯುವುದರೊಳಗೆ ಸುಕೇಶನದೂ ನೋಡುತ್ತದೆ, ಖಾಲಿ. ಇಬ್ಬರೂ ಬರೆಯುತ್ತಾರೆ, ಕೊನೆಗೆ ಬರೆದ ಸುಕೇಶನ ಹೆಸರು ಉಳಿಯುತ್ತದೆ, ಮೆಸೇಜು ಇಬ್ಬರಿಗೂ ಹೋಗುತ್ತದೆ. ಯೂಸುಫಣ್ಣನ ಅಪರಾಧವೆಂದರೆ ಫೋನು ಸದ್ದು ಮಾಡಿದ ಕೂಡಲೇ ಗುಂಡಿ ಒತ್ತುತ್ತಿದ್ದದ್ದು. ಉಳಿದದ್ದೆಲ್ಲ ನನ್ನದು.

ಸರಿಮಾಡಲು ಮೂರು ಸಾಲು ಸಾಕಾಯಿತು. ಸುಂದರಣ್ಣನಿಗೆ "ಸಣ್ಣ ತೊಂದರೆ ಇತ್ತು, ಸರಿಹೋಗಿದೆ" ಎಂದಷ್ಟೇ ಹೇಳಿದೆ. ಹದಿನೈದು ದಿನ ಹೇಗೂ ಮುಗಿಯುತ್ತಾ ಬಂತಲ್ಲ, ಹಳೆಯದನ್ನೇಕೆ ಕೆದಕಬೇಕು? ಹೀಗೆಂದುಕೊಂಡು ಎರಡು ದಿನ ಸುಮ್ಮನಿದ್ದೆ. ಊಟ ಸೇರಲಿಲ್ಲ. ಮೂರನೆಯ ದಿನ ಜಾವಳಿಯ ಬಸ್ಸು ಹತ್ತಿದೆ.

ಯೂಸುಫಣ್ಣ ಅಂಗಳದಲ್ಲಿ ಜೀಪು ತೊಳೆಯುತ್ತಿದ್ದರು. ಎಲ್ಲಿಗೂ ಹೋಗದ ಜೀಪು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನಾನು ಹೇಳಿದ್ದನ್ನೆಲ್ಲ ಪೈಪು ಕೈಯಲ್ಲಿ ಹಿಡಿದೇ ಕೇಳಿದರು. ನೀರು ಸುಮ್ಮನೆ ಹರಿದು ಹೋಗುತ್ತಿತ್ತು.

"ಹಂಗಾದ್ರೆ ನನ್ ಮೆಸೇಜು ನಿಜಾನೇ?"

"ನಿಜ."

ಅವರು ನಲ್ಲಿ ನಿಲ್ಲಿಸಿ ಬಂದರು. "ನೀವು ಅಷ್ಟು ಗಟ್ಟಿಯಾಗಿ ಹೇಳಿದ್ರಲ್ಲ ಮೇಡಂ, ನಂಗೇ ಡೌಟು ಬಂದಿತ್ತು. ನಾನೇ ಎಂತಾದ್ರೂ ತಪ್ಪು ಒತ್ತಿದ್ನಾ ಅಂತ."

ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವರ ಹೆಂಡತಿ ನೀರುದೋಸೆ ತಂದಿಟ್ಟರು. ನಾನು ತಲೆ ತಗ್ಗಿಸಿಕೊಂಡು ತಿಂದೆ. ನಾಚಿಕೆಯಾದರೂ ನಾಲ್ಕು ತಿಂದೆ. ಹೊರಡುವಾಗ ಯೂಸುಫಣ್ಣ ಹೇಳಿದರು: "ಮೀಟಿಂಗಲ್ಲಿ ಹೇಳಿದ್ದು ಮೀಟಿಂಗಲ್ಲೇ ವಾಪಸ್ ತಗೋಬೇಕು ಮೇಡಂ. ಇಲ್ಲಿ ಹೇಳಿದ್ರೆ ನನ್ ಜೀಪಿಗೆ ಮಾತ್ರ ಕೇಳ್ತದೆ."

ಮುಂದಿನ ಮೀಟಿಂಗಿನಲ್ಲಿ ಎದ್ದು ನಿಂತೆ. ಬಾಯಿ ತೆರೆದರೆ ಬಂದದ್ದೆಲ್ಲ ಇಂಗ್ಲಿಷು: ಥ್ರೆಡ್ಡು, ಲಾಕು, ಟ್ರೇಸಿಂಗು. ಕಾಲು ಗಂಟೆ ಮಾತಾಡಿದೆ. ಮುಗಿಸಿದಾಗ ನಾನು ಏನೋ ಹೊಸದು ಕಂಡುಹಿಡಿದಿದ್ದೇನೆ ಎಂದುಕೊಂಡು ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ನೆರಳಲ್ಲೇ ಕೂತುಬಿಡೋಣ ಎನಿಸಿತು. ಹಿಂದಿನ ಸಾಲಿನಿಂದ ಯೂಸುಫಣ್ಣ, "ಕನ್ನಡದಲ್ಲಿ ಹೇಳಿ ಮೇಡಂ" ಎಂದರು.

"ಯೂಸುಫಣ್ಣ ಸುಳ್ಳು ಹೇಳಿಲ್ಲ. ತಪ್ಪು ನನ್ನದು" ಎಂದೆ. ಚಪ್ಪಾಳೆ ಬರಲಿಲ್ಲ. ಸುಂದರಣ್ಣ ಎದ್ದು ಹೋಗಿ ಯೂಸುಫಣ್ಣನ ಪಕ್ಕ ಕುಳಿತರು.

ಆ್ಯಪ್ ಈಗ ಸರಿಯಾಗಿದೆ. ಆದರೆ ಬಾಡಿಗೆ ಸಿಕ್ಕಾಗಲೆಲ್ಲ ಯೂಸುಫಣ್ಣ ಗಾಡಿ ಸ್ಟಾರ್ಟ್ ಮಾಡುವ ಮೊದಲು ನನಗೆ ಫೋನ್ ಮಾಡುತ್ತಾರೆ. "ಮೇಡಂ, ಇದು ನಂದೇನಾ?" ಕೊಂಕು ಇಲ್ಲ, ನಿಜವಾಗಿಯೇ ಕೇಳುತ್ತಾರೆ. ಬೆಟ್ಟಕ್ಕೆ ಬರುವವರಿಗೆ ಸೂರ್ಯೋದಯ ನೋಡುವ ಹುಚ್ಚಾದ್ದರಿಂದ ಆ ಫೋನು ಕೆಲವೊಮ್ಮೆ ಬೆಳಗಿನ ಜಾವ ನಾಲ್ಕೂವರೆ ಗಂಟೆಗೇ ಬರುತ್ತದೆ. ನಾನು ಎದ್ದು, ಕನ್ನಡಕ ಹುಡುಕಿ, ಪಟ್ಟಿ ತೆರೆದು, ಹೆಸರನ್ನು ಎರಡೆರಡು ಸಲ ಓದಿ, "ನಿಮ್ದೇ ಯೂಸುಫಣ್ಣ, ಹೊರಡಿ" ಎನ್ನುತ್ತೇನೆ.