ಒಂದು ಬಾಟಲಿ ಬಾವಿ ನೀರು

ಬೆಳಗಿನ ಚಹಾ ಒಂದು ಗುಟುಕು ಕುಡಿದವಳೇ ದರ್ಜಿಯ ಹೆಂಡತಿ ಮುಖ ಸಿಂಡರಿಸಿದಳು. "ರೀ, ಯಾಕೋ ಪೆಟ್ರೋಲ್ ವಾಸನೆ ಹೊಡೀತಿದೆ."

ದರ್ಜಿಗೆ ನೆಗಡಿ. ಅವನ ಮೂಗಿಗೆ ಮಲ್ಲಿಗೆಯೂ ಒಂದೇ, ಸೀಮೆಎಣ್ಣೆಯೂ ಒಂದೇ. ಆದರೂ ಎದೆ ಧಸಕ್ಕೆಂದಿತು.

ಬೀದಿ ಮೂಲೆಯ ಪೆಟ್ರೋಲ್ ಬಂಕಿನಲ್ಲಿ ನೆಲದಡಿಯ ಟ್ಯಾಂಕು ಸೋರಿ, ಪೆಟ್ರೋಲ್ ಸುತ್ತಲಿನ ಮಣ್ಣಿಗೂ ಬಾವಿಗಳಿಗೂ ಇಳಿದಿದೆ ಎಂದು ಗುಲ್ಲೆದ್ದಿತ್ತು. ಅದನ್ನು ಪರೀಕ್ಷೆ ಮಾಡುವ ಸರ್ಕಾರಿ ಮೇಡಂ ಇವತ್ತು ಇವರ ಮನೆಗೇ ಬರುವವರಿದ್ದರು. ಇವತ್ತು ಸಂಜೆಯೇ ಬಂಕಿನ ಪಕ್ಕದ ಅಂಗಡಿಯವನು ಮನೆ ಕೊಳ್ಳುವ ಮಾತು ಮುಗಿಸಲು ಬರುವವನಿದ್ದ. ಮನೆ ಮಾರಿ ಬಸುರಿ ಮಗಳ ಊರಿಗೆ ಹೋಗಿಬಿಡುವ ಆಸೆಯಲ್ಲಿ ಹೆಂಡತಿ ಪಾತ್ರೆಗಳನ್ನು ಆಗಲೇ ಗಂಟು ಕಟ್ಟಿದ್ದಳು. ಬಾವಿ ಕೆಟ್ಟಿದೆ ಎಂದಾದರೆ ಈ ಮನೆಯನ್ನು ಪುಕ್ಕಟೆ ಕೊಟ್ಟರೂ ಯಾರೂ ಮೂಸಿ ನೋಡುವುದಿಲ್ಲ.

"ಕೈ ಮುಗೀತೀನಿ ಮಾರಾಯ್ತಿ, ಬಾಯಿ ಬಿಡಬೇಡ," ಎಂದ ದರ್ಜಿ.

"ಯಾಕೆ ಬಿಡಬಾರದು? ಏನು ಸಮಾಚಾರ?" ಕಾಂಪೌಂಡ್ ಗೋಡೆಯಾಚೆ ಪಕ್ಕದ ಮನೆಯ ನಿವೃತ್ತ ಮೇಷ್ಟ್ರ ತಲೆ ಮೂಡಿತು. ಸೂರ್ಯನಿಗಿಂತ ಮೊದಲೇ ಮೂಡುವುದು ಆ ತಲೆಯ ಚಾಳಿ.

ಮೇಡಂ ಇಬ್ಬರು ಕೆಲಸಗಾರರೊಂದಿಗೆ ಬಂದು ಹಿತ್ತಲು ಕೊರೆಸಿದರು. ಮಣ್ಣಿನ ಹತ್ತಿರ, ಪೆಟ್ರೋಲ್ ಇದ್ದರೆ ಕೂಗುವ ಮೀಟರು ಹಿಡಿದರು. ಅದು ತುಟಿ ಪಿಟಕ್ಕೆನ್ನಲಿಲ್ಲ.

"ಮೇಲಿನ ಮಣ್ಣು ನಂಬಬೇಡಿ ಮೇಡಂ, ಇನ್ನೂ ಕೆಳಗೆ ಹೋಗಿ!" ಎಂದರು ಮೇಷ್ಟ್ರು. ಮೇಷ್ಟ್ರ ಮಾತು ಕಟ್ಟಿಕೊಂಡು ಇನ್ನೊಂದು ಕಡೆ ಕೊರೆದದ್ದೇ ತಡ, ಬಚ್ಚಲಿನ ಪೈಪು ಒಡೆದು ಕೊಳೆನೀರು ಚಿಮ್ಮಿತು. ಮೇಡಂ ಆಗಷ್ಟೇ ಬಾವಿಯಿಂದ ಸೇದಿ, ಚೀಟಿ ಅಂಟಿಸಿದ ನೀರಿನ ಬಾಟಲಿಯನ್ನು ಹೊಲಿಗೆ ಯಂತ್ರದ ಮೇಲಿಟ್ಟು, "ಇದನ್ನ ಯಾರೂ ಮುಟ್ಟಬೇಡಿ. ಮುಟ್ಟಿದ್ರೆ ಪೊಲೀಸ್ ಕೇಸು!" ಎಂದು ಹಿತ್ತಲಿಗೆ ಓಡಿದರು.

ದರ್ಜಿ ಮುಟ್ಟಿದ.

ಅಡುಗೆಮನೆಯಲ್ಲಿ ಒಂದು ಕ್ಯಾನ್ ನೀರಿತ್ತು. "ಫಿಲ್ಟರ್ ನೀರಣ್ಣಾ, ಶುದ್ಧ ಅಂದ್ರೆ ಶುದ್ಧ" ಎಂದು ಅಂಗಡಿಯವನೇ ನಿನ್ನೆ ಪ್ರೀತಿಯಿಂದ ಕಳಿಸಿದ್ದು. ದರ್ಜಿ ಬಾವಿ ನೀರನ್ನು ಚೆಲ್ಲಿ, ಕ್ಯಾನ್ ನೀರು ತುಂಬಿಸಿದ. ತಲೆ ಎತ್ತಿದರೆ ಕಿಟಕಿಯಲ್ಲಿ ಮೇಷ್ಟ್ರು!

"ಏನಯ್ಯಾ ಮಾಡ್ತಿದ್ದೀಯ?"

"ತೊಳೀತಿದ್ದೀನಿ ಮೇಷ್ಟ್ರೇ."

"ನೀರನ್ನೇ?"

ದರ್ಜಿ ಬಾಟಲಿಯ ಮುಚ್ಚಳ ತಿರುಗಿಸಿದ. "ನಿಮ್ಮ ಪ್ಯಾಂಟು ಸೊಂಟದ ಹತ್ರ ಬಿಗಿ ಅಂತಿದ್ರಲ್ಲ... ನಾಳೇನೇ ಬಿಚ್ಚಿ ಹೊಲಿದುಕೊಡ್ತೀನಿ. ಕಾಸು ಬೇಡ."

"ಕೋಟೂ ಒಂದಿದೆ."

"ಕೋಟೂ ಕೊಡಿ."

"ನಾನೇನೂ ನೋಡಿಲ್ಲಪ್ಪ," ಎಂದು ತಲೆ ಮುಳುಗಿತು.

ಸಂಜೆ, ಪೈಪಿನ ರಾಮಾಯಣವೆಲ್ಲ ಮುಗಿದ ಮೇಲೆ ಮೇಡಂ ಬಾಟಲಿಯ ಮುಚ್ಚಳ ತೆಗೆದು ಮೀಟರು ಹಿಡಿದರು. ಅದು ಹಸಿದ ಕೂಸಿನಂತೆ ಕಿರುಚಿಕೊಂಡಿತು.

"ಅಯ್ಯಯ್ಯೋ! ಈ ಬೀದೀಲೇ ಇಷ್ಟು ಕೆಟ್ಟ ನೀರು ನೋಡಿಲ್ಲ. ಮಣ್ಣಲ್ಲಿ ಇಲ್ಲ, ನೀರಲ್ಲಿದೆ ಅಂದ್ರೆ ಆಳದಲ್ಲೇ ಹರಿದು ಬಂದಿದೆ!"

"ಅದು ಹೇಗೆ ಸಾಧ್ಯ ಮೇಡಂ? ಅದು..."

"ಅದು?"

ಗೋಡೆಯಾಚೆ ಮೇಷ್ಟ್ರು ಕೆಮ್ಮಿದರು.

"ಅದು... ನಮ್ಮ ಬಾವಿ ನೀರೇ ಮೇಡಂ," ಎಂದ ದರ್ಜಿ.

ಕೆಲಸಗಾರರು ಬಾವಿಗೆ ಹಲಗೆ ಹೊದಿಸಿ ಕೆಂಪು ಪಟ್ಟಿ ಸುತ್ತುತ್ತಿರುವಾಗಲೇ ಅಂಗಡಿಯವನು ಬಂದ. ನೋಡಿದವನೇ ಮೆಟ್ಟಿಲ ಮೇಲೆ ಕುಸಿದು ಕೂತ. ದರ್ಜಿಯ ಕಿವಿಯಲ್ಲಿ ಪಿಸುಗುಟ್ಟಿದ:

"ಮನೆ ಯಾರಿಗೆ ಬೇಕಿತ್ತಣ್ಣಾ? ನನಗೆ ಬೇಕಿದ್ದದ್ದು ಬಾವಿ. ಅಂಗಡಿ ಹಿಂದಿನ ನನ್ನ ಬಾವಿ ನೀರು ವಾಸನೆ ಬರೋಕೆ ಶುರುವಾಗಿದೆ. ಇನ್ನು ಕ್ಯಾನಿಗೆ ಏನು ತುಂಬಿಸ್ಲಿ? ಹೋದ ವಾರ ಗುಟ್ಟಾಗಿ ನಿಮ್ಮ ನೀರು ಪರೀಕ್ಷೆ ಮಾಡ್ಸಿದ್ದೆ, ಅಮೃತ ಇದ್ದಂಗಿತ್ತು! ಅಷ್ಟರಲ್ಲಿ ಏನಾಗೋಯ್ತು? ಬೇಡ, ನನಗೆ ಈ ಮನೆ ಬೇಡ."

ದರ್ಜಿ ಮೆಲ್ಲಗೆ ಹೆಂಡತಿಯ ಕಡೆ ತಿರುಗಿದ. "ಬೆಳಿಗ್ಗೆ ಚಹಾ ಯಾವ ನೀರಲ್ಲಿ ಮಾಡಿದ್ದೆ?"

"ಇವರು ಕಳ್ಸಿದ ಕ್ಯಾನ್ ನೀರಲ್ಲಿ. ಯಾಕ್ರೀ?"

ದರ್ಜಿ ಬಾಟಲಿಗೆ ತುಂಬಿಸಿದ್ದೂ ಅದೇ ನೀರು. ನಿಜ ಹೇಳಿದರೆ ಅಂಗಡಿಯವನ ಜೊತೆ ತಾನೂ ಪೊಲೀಸ್ ಜೀಪು ಹತ್ತಬೇಕು. ಹೆಂಡತಿ ಮೂಲೆಗೆ ಹೋಗಿ ಪಾತ್ರೆಯ ಗಂಟು ಬಿಚ್ಚತೊಡಗಿದಳು.

ಹೊರಟು ನಿಂತ ಮೇಡಂಗೆ ಕನಿಕರ ಬಂತು. "ಬೇಜಾರು ಮಾಡ್ಕೋಬೇಡಿ. ನಾವು ಹೇಳೋವರೆಗೂ ಈ ಬಾವಿ ನೀರು ಒಂದು ತೊಟ್ಟೂ ಕುಡೀಬೇಡಿ. ಅಂಗಡಿಯಿಂದ ಕ್ಯಾನ್ ನೀರೇ ತರಿಸಿ ಕುಡೀರಿ."

"ಅಣ್ಣನ ಮನೆಗೆ ದಿನಾ ನಾನೇ ಕಳಿಸ್ತೀನಿ ಮೇಡಂ," ಎಂದ ಅಂಗಡಿಯವನು.

ಗೋಡೆಯಾಚೆ ತಲೆ ಮೂಡಿತು. "ಆ ಕೋಟಿಗೆ ಗುಂಡಿನೂ ಹೊಸದು ಹಾಕ್ಬೇಕು ಕಣಯ್ಯಾ."