ಹತ್ತಿ ಮಿಲ್ಲಿನಲ್ಲಿ ಕಹಿ ಪರೀಕ್ಷೆ

ಮಾಸ್ಕ್ ಮುಖಕ್ಕೆ ಸರಿಯಾಗಿ ಕೂತಿದೆಯೋ ಇಲ್ಲವೋ ನೋಡುವುದು ನನ್ನ ಉದ್ಯೋಗ. ಇದರಲ್ಲಿ ನಗುವಂಥದ್ದೇನಿದೆ ಅನ್ನಬೇಡಿ. ನಗದೆ ಮನೆಗೆ ಬಂದ ದಿನ ನನಗೆ ನೆನಪಿಲ್ಲ.

ಪರೀಕ್ಷೆ ಸರಳ. ತಲೆಯ ಮೇಲೆ ಪ್ಲಾಸ್ಟಿಕ್ ಚೀಲದಂಥ ಟೊಪ್ಪಿಗೆ ಹಾಕಿ, ಅದರೊಳಗೆ ಕಹಿ ಔಷಧ ಸಿಂಪಡಿಸುತ್ತೇನೆ. ಮೊದಲು ಮಾಸ್ಕ್ ಇಲ್ಲದೆ. ಆಗ ಕಹಿ ಗೊತ್ತಾಗಬೇಕು. ಆಮೇಲೆ ಮಾಸ್ಕ್ ಹಾಕಿ, ಆಗ ಗೊತ್ತಾಗಬಾರದು. ಗೊತ್ತಾದರೆ ಎಲ್ಲೋ ಸಂದಿ ಇದೆ, ಧೂಳೂ ಅಲ್ಲಿಂದಲೇ ಒಳಗೆ ಹೋಗುತ್ತದೆ. ಇಷ್ಟು ಸರಳ ಪರೀಕ್ಷೆಯನ್ನು ಅಣ್ಣಿಗೇರಿ ಕಡೆಯ ಒಂದು ಹತ್ತಿ ಮಿಲ್ಲಿನವರು ಎಲ್ಲಿಂದ ಎಲ್ಲಿಗೆ ಒಯ್ದರು ಅಂತ ಹೇಳುತ್ತೇನೆ.

ಕೊಟ್ಟದ್ದನ್ನು ಕಹಿ ಅನ್ನಬಾರದು

ಮೊದಲು ಬಂದವಳು ಹತ್ತಿ ಆರಿಸುವ ಮುದುಕಿ. ಮಾಸ್ಕ್ ಇಲ್ಲದೆ ಟೊಪ್ಪಿಗೆ ಹಾಕಿ ಸಿಂಪಡಿಸಿದೆ.

"ಆಯಿ, ಕಹಿ ಹತ್ತಾಕತ್ತೇತೇನ್ರಿ?"

"ಏನೂ ಇಲ್ರಿ ಬಾಯಾರ, ಚಲೋ ಐತ್ರಿ."

ಮತ್ತೆ ಸಿಂಪಡಿಸಿದೆ. ಚಲೋ ಐತಿ. ಇನ್ನೊಮ್ಮೆ. ಅಗದಿ ಚಲೋ ಐತಿ. ಆದರೆ ಮುಖ ಹಿಂಡಿದ ನಿಂಬೆಹಣ್ಣು, ಕಣ್ಣಲ್ಲಿ ನೀರು. ಗಾಬರಿಯಾಗಿ ಟೊಪ್ಪಿಗೆ ತೆಗೆದೆ.

"ಖರೇ ಹೇಳ್ರಿ ಆಯಿ!"

"ಹಾಗಲಕಾಯಿ ಕುಡದಂಗಾತು ನಮ್ಮವ್ವ. ಆದರ ನೀ ಅಷ್ಟು ದೂರದಿಂದ ಬಂದು ಪ್ರೀತಿಲೆ ಕೊಡಾಕತ್ತೀದಿ, ಕಹಿ ಅಂತ ಹೆಂಗ ಅನ್ನಲಿ?"

ಹೇಳಿ ಸೆರಗಿನ ಗಂಟು ಬಿಚ್ಚಿ, ಒಂದು ಚೂರು ಬೆಲ್ಲ ನನ್ನ ಕೈಗಿಟ್ಟಳು. "ದಿನಾ ಇದರಾಗ ಇರತೀ, ನೀ ತಿನ್ನು."

ಮೇಸ್ತ್ರಿಯ ಬಾಯಿ

ಮಾಸ್ಕ್ ಹಾಕಿಕೊಂಡ ಮೇಲೆ ಟೊಪ್ಪಿಗೆಯೊಳಗೆ ಒಂದು ನಿಮಿಷ ಜೋರಾಗಿ ಮಾತಾಡಬೇಕು. ಮಾತಾಡುವಾಗ ಮಾಸ್ಕ್ ಜರುಗುತ್ತದೋ ನೋಡಬೇಕಲ್ಲ. ಮಿಲ್ಲಿನ ಮೇಸ್ತ್ರಿಯದು ದೊಡ್ಡ ಬಾಯಿ. ಮಶೀನಿನ ಸದ್ದಿಗಿಂತ ಅವನ ಬೈಗುಳವೇ ಮೇಲೆ ಕೇಳುತ್ತದಂತೆ. ಟೊಪ್ಪಿಗೆ ಹಾಕಿದ್ದೇ ತಡ, ಮದುಮಗನ ಹಾಗೆ ಮೌನ.

"ಏನರ ಮಾತಾಡ್ರಿ" ಅಂದೆ.

"ಏನ್ ಮಾತಾಡ್ಲಿ?"

"ನಮಗ ದಿನಾ ಬೈತೀರಲ್ರಿ, ಅದನ್ನ ಬೈರಿ" ಅಂದರು ಸುತ್ತ ನಿಂತ ಹೆಂಗಸರು.

"ಸುಮ್ ಸುಮ್ನ ಹೆಂಗ ಬಯ್ಯೂದು?" ಅಂದ. ನ್ಯಾಯವಂತ!

ಆಗ ಮಶೀನಿಗೆ ಹತ್ತಿ ಹಾಕುವ ಒಬ್ಬ ಹೆಂಗಸು ಕೆಮ್ಮುತ್ತಲೇ ಮುಂದೆ ಬಂದು, ಹತ್ತಿಯ ಬುಟ್ಟಿ ಕೆಳಗಿಟ್ಟು, ಅವನ ಕಣ್ಣೆದುರೇ ಹತ್ತಿ ರಾಶಿಯ ಮೇಲೆ ಕಾಲು ಚಾಚಿ ಮಲಗಿಬಿಟ್ಟಳು. ಮೇಸ್ತ್ರಿಯ ಬಾಯಿ ಬಿಚ್ಚಿತು. ನಿಮಿಷ ಮುಗಿದರೂ ಮುಚ್ಚಲಿಲ್ಲ.

ಟೊಪ್ಪಿಗೆ ತೆಗೆದಾಗ ಬೆವರೊರೆಸಿಕೊಂಡು "ಪಾಸಾದ್ನೇನ್ರಿ?" ಅಂದ.

ಮಲಗಿದ್ದವಳು ಎದ್ದು ಸೀರೆ ಝಾಡಿಸುತ್ತ ಅಂದಳು: "ನಾ ಪಾಸ್ ಮಾಡಿಸಿದ್ನಿ ಅನ್ರಿ."

ಗಡ್ಡದ ಹರಕೆ

ಹತ್ತಿಯ ಮೇಲೆ ಮಲಗಿದವಳ ಗಂಡನಿಗೂ ಅದೇ ಮಶೀನಿನ ಮೇಲೆ ಕೆಲಸ. ಎದೆ ಮುಟ್ಟುವ ಗಡ್ಡ. ಗಡ್ಡವಿದ್ದರೆ ಮಾಸ್ಕ್ ಕೂರುವುದಿಲ್ಲ, ತೆಗೆದು ಬನ್ನಿ ಅಂದೆ.

"ಆಗಂಗಿಲ್ರಿ. ಈಕಿ ಕೆಮ್ಮು ಹೋಗೂತನಕ ಗಡ್ಡಕ್ಕ ಕತ್ತರಿ ಮುಟ್ಟಿಸಂಗಿಲ್ಲಂತ ದ್ಯಾಮವ್ವಗ ಹರಕಿ ಹೊತ್ತೇನಿ."

ಕೆಮ್ಮು ಹತ್ತಿಯ ಧೂಳಿನದು, ಡಾಕ್ಟರೇ ಹೇಳಿದ್ದಾರೆ. "ಹಂಗಾರ ನೀವರ ಮಾಸ್ಕ್ ಹಾಕ್ಕೋರಿ" ಅಂತ ಅವಳ ಕಡೆ ತಿರುಗಿದೆ.

"ಅವರು ಧೂಳ ಕುಡೀಲಿ, ನಾ ಒಬ್ಬಾಕಿ ಚಂದಾಗಿರ್ಲೇನು? ಅವರು ಹಾಕ್ಕೊಂಡರ ನಾನೂ ಹಾಕ್ಕೋತೇನಿ."

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು! ಮಾತಾಡುವಾಗಲೂ ಅವಳಿಗೆ ಕೆಮ್ಮು ಒತ್ತಿ ಬರುತ್ತಿತ್ತು. ನನಗೆ ಸಿಟ್ಟು ಬಂತು. ಇಬ್ಬರೂ ಮಾಸ್ಕಿಲ್ಲದೆ ಮಶೀನಿನ ಹತ್ತಿರ ನಿಲ್ಲುವ ಹಾಗಿಲ್ಲ ಅಂತ ಹೇಳಿ ಬಂದೆ.

ಮುಂದಿನ ವಾರ ಹೋದಾಗ ಬಾಗಿಲಲ್ಲೇ ಸಿಕ್ಕಳು.

"ಗುಡಿಗೆ ಹೋಗಿ ಹೂ ಕೇಳಿದ್ನಿ ಬಾಯಾರ. ಬಲಕ್ಕ ಬಿದ್ದರ ಗಡ್ಡ ತೆಗಿಲಿ, ಎಡಕ್ಕ ಬಿದ್ದರ ಇರಲಿ ಅಂತ."

"ಯಾವ ಕಡೆ ಬಿತ್ತು?"

"ಬೀಳವಲ್ದು! ಎಷ್ಟೊತ್ತು ಕುಂತರೂ ಹೂ ದೇವಿ ತಲಿ ಮ್ಯಾಲೇ ಐತಿ. ದೇವಿ ಮುಂದ ಬಾಗಿ ನೋಡಾಕ ಹೋದ್ನಿ, ಕೆಮ್ಮು ಬಂತು. ಆ ಗಾಳಿಗೆ ಬಲಕ್ಕ ಬಿತ್ತು."

"ಪೂಜಾರಿ ಏನೂ ಅನ್ನಲಿಲ್ಲೇನ್ರಿ?"

"ಅಂದರು. ಕೆಮ್ಮು ಕೊಟ್ಟಾಕಿನೂ ಆಕಿ, ಹೂ ಕೊಟ್ಟಾಕಿನೂ ಆಕಿ, ನಡುವ ನಿಮ್ದೇನ್ರಿ ಅಂದ್ನಿ."

ಅವಳಿಗೆ ಕೈ ಮುಗಿಯಬೇಕು ಅನ್ನಿಸಿತು. ಅಷ್ಟರಲ್ಲಿ ಗಂಡ ಕ್ಷೌರದ ಅಂಗಡಿಯಿಂದ ನೇರ ಬಂದ, ಮುಖಕ್ಕೆ ಟವೆಲ್ ಸುತ್ತಿಕೊಂಡು. ಎಷ್ಟು ಹೇಳಿದರೂ ಬಿಚ್ಚಲೊಲ್ಲ. ಕೊನೆಗೆ ಗೋಡೆಯ ಕಡೆ ತಿರುಗಿ ಮಾಸ್ಕ್ ಹಾಕಿಕೊಂಡ. ಟೊಪ್ಪಿಗೆ ಹಾಕಿ ಸಿಂಪಡಿಸಿದೆ. ಬಾಗಿದ, ತಲೆಯಾಡಿಸಿದ, ಮಾತಾಡಿದ. ಕಹಿ ಇಲ್ಲವೇ ಇಲ್ಲ. ಅವಳೂ ಹಾಕಿಕೊಂಡಳು, ಅವಳೂ ಪಾಸು. ನನಗೆ ಕಣ್ತುಂಬಿ ಬಂತು.

ಆಗ ಅವನು ಮೆಲ್ಲಗೆ ಮಾಸ್ಕ್ ಬಿಚ್ಚಿ ಎಲ್ಲರ ಕಡೆ ತಿರುಗಿದ. ಕಪ್ಪು ಮುಖದ ಕೆಳಗೆ ಬಿಸಿಲು ಕಾಣದ ಬಿಳಿ ಗದ್ದ. ಹೆಂಡತಿ ಹತ್ತಿರ ಹೋಗಿ, ಮೇಲಿಂದ ಕೆಳಗೆ ನೋಡಿ, ಮಾಸ್ಕನ್ನು ತನ್ನ ಕೈಯಾರೆ ಅವನ ಮುಖಕ್ಕೆ ಮತ್ತೆ ಏರಿಸಿದಳು.

"ಇದು ಮನ್ಯಾಗೂ ಇರಲಿ ಬಿಡ್ರಿ."