ಎಂಟಿಲ್ಲದ ಎಂಟಂಕಿ

ನಮ್ಮ ಅತ್ತೆಗೆ ಒಬ್ಬ ಸವತಿಯಿದ್ದಾಳೆ. ಹೆಸರು 12345679! ಒಂದು ಕೋಟಿ ಇಪ್ಪತ್ಮೂರು ಲಕ್ಷ ನಲವತ್ತೈದು ಸಾವಿರದ ಆರುನೂರ ಎಪ್ಪತ್ತೊಂಬತ್ತು. ಸಾಲಿನಲ್ಲಿ ಎಂಟು ಮಾತ್ರ ನಾಪತ್ತೆ. ಇದನ್ನು ಒಂಬತ್ತರಿಂದ ಗುಣಿಸಿದರೆ ಉದ್ದಕ್ಕೂ ಒಂಬತ್ತು ಒಂದುಗಳು ಬರುತ್ತವೆ. ಇಷ್ಟಕ್ಕೇ ನಮ್ಮ ಸೋದರಮಾವ ಮನಸೋತಿದ್ದರು.

ರಾಣೆಬೆನ್ನೂರಿನ ಅವರ ಬೀಜದಂಗಡಿಗೆ ಬಂದವರು ಸೌತೆಬೀಜದ ಜೊತೆ ಈ ಲೆಕ್ಕವನ್ನೂ ಕಟ್ಟಿಸಿಕೊಂಡೇ ಹೋಗಬೇಕು. ಅಂಗಡಿಯ ಕ್ಯಾಲ್ಕುಲೇಟರಿನಲ್ಲಿ ಎಂಟೇ ಅಂಕಿಗೆ ಜಾಗ. ಗುಣಿಸಿದರೆ ಅದು ‘E’ ಎಂದು ತೋರಿಸಿ ಕೈ ಚೆಲ್ಲುತ್ತಿತ್ತು. ಮಾವನಿಗೆ ಅದೇ ದೊಡ್ಡ ಹೆಮ್ಮೆ.

ಮಗಳನ್ನು ನೋಡಲು ಬ್ಯಾಡಗಿಯಿಂದ ಗಂಡಿನವರು ಬಂದಾಗ ಮಾವ ಕೆಲಸ, ಸಂಬಳ ಏನಾದರೂ ಕೇಳಿದರೇ? ಇಷ್ಟದ ಅಂಕಿ ಯಾವುದೆಂದು ಕೇಳಿದರು! ಹುಡುಗ ಐದು ಎಂದ. ಹಾಗಾದರೆ ಐದೊಂಬತ್ತಲೆ ನಲವತ್ತೈದು, ಅದರಿಂದ ನನ್ನ ಸಂಖ್ಯೆಯನ್ನು ಗುಣಿಸಪ್ಪಾ ಎಂದು ಪೆನ್ನು ಕೊಟ್ಟರು. ಎಲ್ಲಾ ಐದುಗಳು ಬರುವಷ್ಟರಲ್ಲಿ ಅವರ ಬಸ್ಸು ಹೋಗಿತ್ತು. ಊಟಕ್ಕೆ ನಿಂತರು, ಹೋಳಿಗೆ ಮೆಚ್ಚಿದರು, ಸಂಬಂಧ ಕುದುರಿತು. ಮಾವ ಇಂದಿಗೂ ಅದು ಸಂಖ್ಯೆಯ ಪ್ರಭಾವವೆಂದೇ ನಂಬಿದ್ದಾರೆ.

ಒಮ್ಮೆ ಹಾವೇರಿಯಲ್ಲಿ ಬಸ್ಸಿಳಿಯುವಾಗ ಕಾಲು ಜಾರಿ ಮಾವನ ತಲೆಗೆ ಪೆಟ್ಟಾಯಿತು. ನಾನು ಅತ್ತೆಯನ್ನು ಕರೆದುಕೊಂಡು ಆಸ್ಪತ್ರೆಗೆ ಓಡಿದೆ. ಮಾವ ಕಣ್ಣು ತೆರೆದಿದ್ದರು, ಆದರೆ ಮಾತಿಲ್ಲ. ಎಳೆಯ ಡಾಕ್ಟರು ಬಗ್ಗಿ, ಹತ್ತರವರೆಗೆ ಎಣಿಸಿ ಎಂದರು.

“ಒಂದು, ಎರಡು, ಮೂರು, ನಾಲ್ಕು, ಐದು, ಆರು, ಏಳು, ಒಂಬತ್ತು.” ಅಲ್ಲಿಗೇ ನಿಲ್ಲಿಸಿದರು.

ಡಾಕ್ಟರು ಮತ್ತೆ ಎಣಿಸಲು ಹೇಳಿದರು. ಮತ್ತೆ ಎಂಟಿಲ್ಲ, ಹತ್ತಂತೂ ಇಲ್ಲವೇ ಇಲ್ಲ! ಡಾಕ್ಟರ ಮುಖ ಬಿಗಿಯಿತು. ಕೂಡಲೇ ಹುಬ್ಬಳ್ಳಿಗೆ ಒಯ್ಯಬೇಕೆಂದರು. ಅತ್ತೆ ಮಂಚದ ಸರಳು ಹಿಡಿದು ಅಳತೊಡಗಿದರು. ಅಷ್ಟು ಸಲ ಆ ಸಂಖ್ಯೆ ಕೇಳಿದ್ದ ನನಗೂ ಭಯದಲ್ಲಿ ಏನೂ ಹೊಳೆಯಲಿಲ್ಲ.

ಆಗ ಮಾವ ಮೆಲ್ಲಗೆ ಬಾಯಿ ಬಿಟ್ಟರು. “ಈಗ ಅದನ್ನ ಒಂಬತ್ತರಿಂದ ಗುಣಸ್ರಿ, ಡಾಕ್ಟರ್ರ.”

ನನಗೆ ಹೋದ ಜೀವ ಬಂದಂತಾಯಿತು. ಡಾಕ್ಟರು ಅಲ್ಲೇ ಚೀಟಿಯ ಹಿಂದೆ ಗುಣಿಸಿ, ಸಾಲಾಗಿ ನಿಂತ ಒಂದುಗಳನ್ನು ನೋಡಿ ನಕ್ಕರು. ಮತ್ತೊಮ್ಮೆ ಎಲ್ಲ ಪರೀಕ್ಷೆ ಮಾಡಿ, ತಲೆಗೆ ಏನೂ ಆಗಿಲ್ಲ ಎಂದರು.

“ಅದು ಮೊದಲಿಂದನೂ ಹಿಂಗ ಐತ್ರಿ,” ಎಂದರು ಅತ್ತೆ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ.

ಡಾಕ್ಟರು ಹೋದ ಮೇಲೆ ಅತ್ತೆ ಸ್ಟೂಲನ್ನು ಮಂಚದ ಹತ್ತಿರ ಎಳೆದುಕೊಂಡರು. ಲೆಕ್ಕದ ಮಾತು ಬಂದರೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದ ಹೆಂಗಸು, ಮಾವನ ಕೈ ಹಿಡಿದು ಕೇಳಿದರು: “ಹದಿನೆಂಟರಿಂದ ಗುಣಿಸಿದ್ರ?”

“ಎಲ್ಲಾ ಎರಡು.”

“ಇಪ್ಪತ್ತೇಳರಿಂದ?”

“ಎಲ್ಲಾ ಮೂರು.” ಮಾವ ಅತ್ತೆಯನ್ನೇ ನೋಡಿದರು. “ನಿನಗ ಇದೆಲ್ಲಾ ಗೊತ್ತೈತೇನು?”

“ಅಡಗಿ ಮನಿಗೂ ಕೇಳಸ್ತೈತ್ರಿ,” ಎಂದರು ಅತ್ತೆ. ಅವರ ಕಣ್ಣು ಮತ್ತೆ ತುಂಬಿತ್ತು. “ಮೂವತ್ತಾರರಿಂದ ಹೇಳ್ರಿ.”